ಚೆರೋಕಿಗಳಿಗೆ ಕಣ್ಣೀರು, ಮೊರಡಿಗೆ ಜೆಸಿಬಿ

ಡಾ. ಪ್ರಸನ್ನಕುಮಾರ್ ಅತ್ತರು. ಬಿ.ಎ. ಕೊನೆಯ ವರ್ಷದ ತರಗತಿಯಲ್ಲಿ, ಮಕ್ಕಳ ಎದುರಿಗೆ, ಕನ್ನಡಕ ತೆಗೆದು, ಇಸ್ತ್ರಿ ಮಾಡಿದ ಕರವಸ್ತ್ರ ಬಿಡಿಸಿ ಅತ್ತರು. ಅಮೆರಿಕದ ಚೆರೋಕಿ ಜನರನ್ನು ಸೈನಿಕರು ಕೋವಿ ತೋರಿಸಿ ಮನೆಯಿಂದ ಎಬ್ಬಿಸಿ, ಚಳಿಯಲ್ಲಿ ನೂರಾರು ಮೈಲಿ ನಡೆಸಿದ ಕಥೆ ಹೇಳುವಾಗ ಅವರಿಗೆ ಪ್ರತಿ ವರ್ಷವೂ ಅಳು ಬರುತ್ತಿತ್ತು. ಪ್ರತಿ ವರ್ಷವೂ ಅದೇ ವಾಕ್ಯದ ಹತ್ತಿರ ಬರುತ್ತಿತ್ತು. ನಾನು ಆ ಕಾಲೇಜಿನಲ್ಲಿ ಮೊದಲು ಅವರ ವಿದ್ಯಾರ್ಥಿನಿ, ಆಮೇಲೆ ಅವರ ಕೈಕೆಳಗೆ ಉಪನ್ಯಾಸಕಿ. ಬೆಂಚಿನಲ್ಲಿ ಕೂತು ನೋಡಿದ್ದೇನೆ, ಬಾಗಿಲಲ್ಲಿ ನಿಂತೂ ನೋಡಿದ್ದೇನೆ. ಒಳ್ಳೆಯ ಅಳು. ಕಂಠ ಎಲ್ಲಿ ಬಿಗಿಯಬೇಕೋ ಅಲ್ಲೇ ಬಿಗಿಯುತ್ತಿತ್ತು.

ನನ್ನ ಹೆಸರು ಧನ್ಯಶ್ರೀ. ತರೀಕೆರೆಯ ಆ ಖಾಸಗಿ ಕಾಲೇಜಿನಲ್ಲಿ, ಅವರೇ ಮುಖ್ಯಸ್ಥರಾಗಿದ್ದ ವಿಭಾಗದಲ್ಲಿ, ಇಂಗ್ಲಿಷ್ ಪಾಠ ಮಾಡುತ್ತಿದ್ದೆ. ನನ್ನ ಹುದ್ದೆಗೆ ಅತಿಥಿ ಉಪನ್ಯಾಸಕಿ ಎಂದು ಹೆಸರು. ಅತಿಥಿ ಬಂದರೆ ಯಾರಾದರೂ ಕುರ್ಚಿ ಕೊಡುತ್ತಾರೆ. ನನಗೆ ಕೊಟ್ಟಿರಲಿಲ್ಲ. ಸ್ಟಾಫ್ ರೂಮಿನಲ್ಲಿ ಯಾರಾದರೂ ರಜೆ ಹಾಕಿದ ದಿನ ಅವರ ಕುರ್ಚಿಯಲ್ಲಿ ಕೂರುತ್ತಿದ್ದೆ. ಯಾರೂ ರಜೆ ಹಾಕದ ದಿನ ಲೈಬ್ರರಿಯ ಕಿಟಕಿ ಕಟ್ಟೆಯೇ ಗತಿ. ನನ್ನ ಟಿಫಿನ್ ಡಬ್ಬಿಯನ್ನು ಬೇರೆಯವರ ಡಬ್ಬಿಗಳ ಜೊತೆ ಇಡಬಾರದು ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ನಾನು ಇಟ್ಟ ಕೂಡಲೇ ತಮ್ಮ ಡಬ್ಬಿ ಎತ್ತಿಕೊಳ್ಳುತ್ತಿದ್ದರು, ಅಷ್ಟೆ.

ನಮ್ಮದು ಅಜ್ಜಂಪುರದ ಹೊರಗಿನ ಮೊರಡಿ ಕಾಲೊನಿ. ಮೊದಲು ನಾವು ಅಲ್ಲಿರಲಿಲ್ಲ. ಹೆಬ್ಬೆ ಕಡೆಯ ಕಾಡಂಚಿನ ಒಂದು ಊರಿನಲ್ಲಿ ನಮ್ಮ ಕೇರಿಯಿತ್ತು. ಆ ಊರನ್ನು ಕಾಡಿನಿಂದ ಆಚೆ ಹಾಕಿದಾಗ ನಾನು ಅವ್ವನ ಸೊಂಟದ ಮೇಲಿದ್ದೆ. ಜಮೀನಿದ್ದವರಿಗೆ ಬದಲಿ ಜಮೀನು ಸಿಕ್ಕಿತು. ಆ ಜಮೀನಿನಲ್ಲಿ ಗೇಯ್ದವರ ಹೆಸರಿನಲ್ಲಿ ಖಾತೆ ಇರಲಿಲ್ಲ. ಖಾತೆ ಇಲ್ಲದವರು ಅಲ್ಲಿ ಇರಲೇ ಇಲ್ಲ ಎಂದು ತೀರ್ಮಾನವಾಯಿತು. ಇರದಿದ್ದ ಆ ಜನರನ್ನು ಲಾರಿ ಹತ್ತಿಸಿ, ಅಜ್ಜಂಪುರದ ಹೊರಗೆ, ಮುಳ್ಳುಗಿಡವೂ ಬೆಳೆಯದ ಕಲ್ಲುಮೊರಡಿಯ ಮೇಲೆ ಇಳಿಸಿ ಹೋದರು.

ನಮ್ಮವರು ಬರಿಗೈಯಲ್ಲಿ ಕಲ್ಲು ಆಯ್ದರು. ಇಡೀ ಕೇರಿಗೆ ಒಂದೇ ಹಾರೆ, ಕೇರಿಯ ಯಜಮಾನ ಮಂಜಪ್ಪ ದೊಡ್ಡಪ್ಪನದು. ಅದು ಕೈಯಿಂದ ಕೈಗೆ ದಾಟುತ್ತಿತ್ತು. ಅಂಗೈ ಸುಲಿದು ಹಾರೆಯ ಹಿಡಿ ಅಂಟುತ್ತಿತ್ತಂತೆ. ಬಾವಿ ತೋಡಿದರು. ತೋಡುವಾಗ ಬಂಡೆ ಜಾರಿ ನನ್ನ ಅಪ್ಪ ಸತ್ತ. ಅವನ ಮೈಯನ್ನು ಮೇಲೆ ತಂದ ಮೇಲೂ ಕೆಲಸ ನಿಲ್ಲಿಸಲಿಲ್ಲ. ಹೆಣ ತೊಳೆಯಲು ನೀರು ಬೇಕಿತ್ತು.

ಈಗ ಮೊರಡಿಯ ಪಕ್ಕ ದೊಡ್ಡ ರಸ್ತೆ ಬಂದಿದೆ. ರಸ್ತೆ ಬಂದ ಕೂಡಲೇ ಮೊರಡಿಗೆ ಬೆಲೆ ಬಂತು. ಬೆಲೆ ಬಂದ ಕೂಡಲೇ ಗುರುಮೂರ್ತಿ ಬಂದ.

ಗುರುಮೂರ್ತಿ ಪ್ರಸನ್ನಕುಮಾರ್ ಅವರ ಅಣ್ಣ. ಅಜ್ಜಂಪುರದ ಅಂಚಿನಲ್ಲಿ, ಮೊರಡಿಯ ಮಗ್ಗುಲಲ್ಲೇ, ಅವನ ಈರುಳ್ಳಿ ಮಂಡಿ ಇದೆ. ಮೊರಡಿಯ ಹೆಂಗಸರೆಲ್ಲ ಅಲ್ಲಿಯೇ ದುಡಿಯುವುದು. ನಮ್ಮ ಕಾಲೇಜಿನ ಆಡಳಿತ ಮಂಡಳಿಯಲ್ಲೂ ಅವನಿದ್ದ. ನನ್ನ ಅವ್ವ ಜವರಮ್ಮ ಬೆಳಿಗ್ಗೆಯಿಂದ ಸಂಜೆಯವರೆಗೆ ಅವನ ಮಂಡಿಯಲ್ಲಿ ಕುಕ್ಕರಗಾಲಲ್ಲಿ ಕೂತು, ಈರುಳ್ಳಿಯ ಒಣಸೊಪ್ಪು ಕತ್ತರಿಸುತ್ತಿದ್ದಳು. ಅವಳ ಬೆರಳುಗಳ ತುದಿಯಲ್ಲಿ ಗೆರೆಗಳೇ ಇಲ್ಲ. ಆಧಾರ್ ಮಾಡಿಸುವಾಗ ಯಂತ್ರ ಅವಳನ್ನು ಒಪ್ಪಲಿಲ್ಲ. ಕಣ್ಣು ಮಾತ್ರ ಸದಾ ಒದ್ದೆ. ಅದನ್ನು ಯಾರೂ ಅಳು ಎಂದು ಕರೆಯುವುದಿಲ್ಲ.

ಆ ಮಂಡಿಯ ಹಿಂದೆ ಮೊರಡಿಯನ್ನೂ ಸೇರಿಸಿಕೊಂಡು ದೊಡ್ಡ ಗೋದಾಮು ಕಟ್ಟಬೇಕೆಂದು ಗುರುಮೂರ್ತಿಯ ಯೋಚನೆ. ನಮ್ಮನ್ನು ಕಡೂರಿನಾಚೆ ಒಂದು ಹಳೇ ಕಲ್ಲುಕ್ವಾರಿಯ ಪಕ್ಕಕ್ಕೆ ಸಾಗಿಸುವುದಾಗಿ ಹೇಳುತ್ತಿದ್ದ. ಕೆಲವು ವರ್ಷದ ಹಿಂದೆ ಬೇರೊಂದು ಕೇರಿಯನ್ನು ಅಲ್ಲಿಗೇ ಸಾಗಿಸಿದ್ದ.

*

ಪ್ರಸನ್ನಕುಮಾರ್ ಅವರಿಗೆ ಕಾಗದಗಳ ಹುಚ್ಚು. ಹತ್ತೊಂಬತ್ತನೇ ಶತಮಾನದಲ್ಲಿ ಚೆರೋಕಿ ಮುಖಂಡರೂ ಅವರ ನೆರೆಯ ಚೊಕ್ಟಾ ಕುಲದ ಮುಖಂಡರೂ ಒಬ್ಬರಿಗೊಬ್ಬರು ಬರೆದುಕೊಂಡ ಕಾಗದಗಳು. ಚೊಕ್ಟಾಗಳನ್ನು ಮೊದಲು ಅವರ ನೆಲದಿಂದ ಅಟ್ಟಿದರು. ಕೆಲವು ವರ್ಷಗಳಾದ ಮೇಲೆ ಚೆರೋಕಿಗಳನ್ನು. ಆ ಕಾಗದಗಳಲ್ಲಿ ಗಡಿಯ ಮಾತಿದೆ, ಸಭೆಗೆ ಕರೆಯುವ ಮಾತಿದೆ, ಮೇಲಿನವರು ಕೊಟ್ಟು ಮುರಿದ ಮಾತುಗಳ ಲೆಕ್ಕವಿದೆ. ಅವನ್ನೆಲ್ಲ ಕನ್ನಡಕ್ಕೆ ತರುತ್ತೇನೆಂದು ಸಾಹೇಬರು ಹೋದಲ್ಲೆಲ್ಲ ಭಾಷಣ ಮಾಡಿಬಿಟ್ಟಿದ್ದರು. ತರುವ ಕೆಲಸವನ್ನು ನನಗೆ ಕೊಟ್ಟರು.

"ಧನ್ಯಾ, ಇದು ನಿನ್ನ ನೋವಿನ ಭಾಷೆ. ಇದನ್ನ ನೀನೇ ಮಾಡ್ಬೇಕು. ಫೈನಲ್ ಟಚ್ ನಾನು ಕೊಡ್ತೀನಿ."

ಮಾಡಿದೆ. ಕಾಲೇಜು ಮುಗಿಸಿ ಬಸ್ಸಿನಲ್ಲಿ ನಿಂತುಕೊಂಡೇ ಮೊರಡಿಗೆ ಬಂದು, ಬಾವಿಯಿಂದ ನೀರು ಸೇದಿ, ಹಿಟ್ಟು ತಿರುವಿ, ಹೊಸ್ತಿಲ ಮೇಲೆ ಕೂತು ಬರೆಯುತ್ತಿದ್ದೆ. ಪಕ್ಕದಲ್ಲಿ ಅವ್ವ ಕಾಲು ಚಾಚಿ ಮೊಣಕಾಲು ನೀವಿಕೊಳ್ಳುತ್ತಿದ್ದಳು. ಒಂದು ದಿನ 'ಬ್ರದರ್' ಎಂಬ ಮಾತಿಗೆ ಬಂದು ನಿಂತೆ. ಇಂಗ್ಲಿಷಿನಲ್ಲಿ ಬ್ರದರ್ ಎಂದರೆ ಸಾಕು. ನಮ್ಮಲ್ಲಿ ಅಣ್ಣನೋ ತಮ್ಮನೋ ಹೇಳಲೇಬೇಕು.

"ಅವ್ವ, ಇಬ್ರು ಯಜಮಾನ್ರು ಅವ್ರೆ. ಬೇರೆ ಬೇರೆ ಕುಲ. ಒಬ್ರಿಗೊಬ್ರು ಕಾಗ್ದ ಬರ್ಕತಾರೆ. ಇವ್ನು ಅವ್ನಿಗೆ ಅಣ್ಣ ಅನ್ಬೇಕೋ ತಮ್ಮ ಅನ್ಬೇಕೋ?"

"ಯಾರನ್ನ ಮೊದ್ಲು ಊರು ಬಿಡ್ಸಿದ್ರು?"

"ಚೊಕ್ಟಾದವ್ರನ್ನ."

"ಹಂಗಾರೆ ಅವ್ನೇ ಅಣ್ಣ. ಮೊದ್ಲು ಏಟು ತಿಂದೋನು ಅವ್ನಲ್ವಾ."

ಹಾಗೆಯೇ ಬರೆದೆ. ಪ್ರಸನ್ನಕುಮಾರ್ ಅದಕ್ಕೆ ಫೈನಲ್ ಟಚ್ ಕೊಟ್ಟರು. 'ಅಣ್ಣಾ' ಎಂದಿದ್ದ ಕಡೆಯೆಲ್ಲ 'ಮಾನ್ಯ ಭ್ರಾತೃವರ್ಯರೇ' ಎಂದು ಮಾಡಿದರು. 'ನಮ್ಮನ್ನು ದನ ಅಟ್ಟಿದ ಹಾಗೆ ಅಟ್ಟಿದರು' ಎಂದಿದ್ದದ್ದು 'ನಮ್ಮ ನಿರ್ಗಮನವು ಅತ್ಯಂತ ದಾರುಣವಾಗಿತ್ತು' ಎಂದಾಯಿತು. ಅಟ್ಟಿಸಿಕೊಂಡವನು ಅವರ ಕೈಯಲ್ಲಿ ಸಂಸ್ಕೃತದಲ್ಲಿ ನರಳತೊಡಗಿದ.

ಮುನ್ನುಡಿ ಮಾತ್ರ ಪೂರ್ತಿ ಅವರದೇ. ಚೆರೋಕಿಗಳಲ್ಲಿ ಬೆರಳೆಣಿಕೆಯಷ್ಟು ಜನ, ಯಾರೂ ಅಧಿಕಾರ ಕೊಡದಿದ್ದರೂ, ಎಲ್ಲರ ನೆಲವನ್ನು ಬರೆದುಕೊಟ್ಟು ಒಪ್ಪಂದಕ್ಕೆ ಸಹಿ ಹಾಕಿದ್ದರು. ಅವರ ಮೇಲೆ ಸಾಹೇಬರು ಮುನ್ನುಡಿಯಲ್ಲಿ ಉರಿದುಬಿದ್ದಿದ್ದರು. ಕೆಲವರ ಸಹಿಯಿಂದ ಎಲ್ಲರ ನೆಲ ಕಸಿಯುವುದು ಸಹಿಯಲ್ಲ, ಕಳ್ಳತನ ಎಂದು ಬರೆದಿದ್ದರು. ಓದುವಾಗ ನನಗೂ ರಕ್ತ ಬಿಸಿಯಾಯಿತು. ಟೈಪ್ ಮಾಡಿಕೊಟ್ಟೆ.

ಆ ವಾರವೇ ಅವರು ನನ್ನನ್ನು ಚೇಂಬರಿಗೆ ಕರೆದರು. ಕೂರು ಎಂದರು. ಅವರು ಕೂರು ಎಂದದ್ದು ಅದೇ ಮೊದಲು.

"ಬುಕ್ ರಿಲೀಸ್‌ಗೆ ನಿಮ್ಮ ಕಾಲೊನಿಯವರೆಲ್ಲ ಬರಬೇಕು ಧನ್ಯಾ. ಮಂಜಪ್ಪನವರಿಗೆ ಸನ್ಮಾನ ಮಾಡ್ತೀವಿ. 'ಇವರು ನಮ್ಮ ನೆಲದ ಚೆರೋಕಿ' ಅಂತ ನಾನೇ ಪರಿಚಯ ಮಾಡಿಕೊಡ್ತೀನಿ. ಹೇಗಿದೆ ಐಡಿಯಾ?"

"ಮಂಜಪ್ಪ ದೊಡ್ಡಪ್ಪನಿಗೆ ಸನ್ಮಾನ ಯಾಕೆ ಸಾರ್?"

"ಅಣ್ಣ ಒಂದು ಒಳ್ಳೆ ಕೆಲಸಕ್ಕೆ ಕೈ ಹಾಕಿದಾನೆ. ಕ್ವಾರಿ ಹತ್ರ ನಿಮಗೆಲ್ಲ ಹೊಸ ಸೈಟು. ಜಾಗ ಬಿಡ್ತೀವಿ ಅಂತ ಮಂಜಪ್ಪನವರು ಸ್ಟೇಜ್ ಮೇಲೇ ಒಂದು ಸಹಿ ಹಾಕಿಬಿಟ್ರೆ ಫೋಟೋನೂ ಆಗುತ್ತೆ, ಕೆಲಸಾನೂ ಆಗುತ್ತೆ. ಅವರನ್ನ ಒಪ್ಪಿಸೋದು ನಿನ್ನ ಜವಾಬ್ದಾರಿ."

ನಾನು ಅವರ ಮುಖ ನೋಡಿದೆ. ನಾಚಿಕೆಯ ಒಂದು ಎಳೆಯಾದರೂ ಇದೆಯೇ ಎಂದು ಹುಡುಕಿದೆ. ಶೇವ್ ಮಾಡಿದ, ಪೌಡರ್ ಹಚ್ಚಿದ, ನೆಮ್ಮದಿಯ ಮುಖ.

"ಸಾರ್, ಕೆಲವರ ಸಹಿಯಿಂದ ಎಲ್ಲರ ನೆಲ ತಗೊಳ್ಳೋದು ಕಳ್ಳತನ ಅಂತ ಮುನ್ನುಡೀಲಿ ನೀವೇ ಬರೆದಿದೀರಿ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದ ಮೇಲೆ ನಕ್ಕರು.

"ಅದು ಹಿಸ್ಟರಿ ಕಣಮ್ಮಾ. ಇದು ಡೆವಲಪ್‌ಮೆಂಟ್. ಎರಡನ್ನೂ ಮಿಕ್ಸ್ ಮಾಡ್ಬೇಡ." ಆಮೇಲೆ ಮೇಜಿನ ಮೇಲಿದ್ದ ಪೆನ್ನನ್ನು ನೆಟ್ಟಗೆ ಇಡುತ್ತಾ ಹೇಳಿದರು. "ಮುಂದಿನ ವರ್ಷ ಯಾರು ಇರಬೇಕು ಯಾರು ಬೇಡ ಅಂತ ಬರೆದುಕೊಡೋದು ನಾನೇ. ಅದನ್ನೂ ಯೋಚನೆ ಮಾಡು."

*

ಮೊರಡಿಯಲ್ಲಿ ಬಾವಿಕಟ್ಟೆಯ ಸುತ್ತ ಎಲ್ಲರನ್ನೂ ಕೂಡಿಸಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೆಂಗಸರು ಶಾಪ ಹಾಕಿದರು. ಮಂಜಪ್ಪ ದೊಡ್ಡಪ್ಪ ಕೆಮ್ಮುತ್ತಾ ಕಟ್ಟೆಗೆ ಒರಗಿದ. ಅವನಿಗೆ ಕಲ್ಲಿನ ಪುಡಿ ಕುಡಿದ ಕೆಮ್ಮು. ಒಂದೇ ಉಸಿರಿನಲ್ಲಿ ಮಾತು ಮುಗಿಸಲು ಆಗುವುದಿಲ್ಲ.

"ಶಾಲು ಹಾಕ್ತಾರಂತಾ?" ಎಂದು ಕೇಳಿದ.

"ಹೂಂ ದೊಡ್ಡಪ್ಪ. ಹಾಕಿ ಸಹಿ ಇಸ್ಕತಾರೆ."

"ಇಲ್ಲಿಗ್ ಬಂದಾಗ್ನಿಂದ, ಗುರುಮೂರ್ತಿ ಅಪ್ಪ ತೀರ್ಥಪ್ಪನ ಕಾಲ್ದಿಂದ್ಲೂ ಅವ್ರ ಮನೇಲಿ ಗೇಯ್ದೋನು ನಾನು. ಒಂದಿನ ಜಗುಲಿ ಹತ್ತಿಲ್ಲ. ಈಗ ಅವ್ರೇ ಕುರ್ಚಿ ಹಾಕಿ ಕರೀತಾವ್ರೆ." ಕೆಮ್ಮಿದ. "ಒಂದ್ಸಲ ಕೂತ್ಕಂಡು ಬರಾನ ಅನ್ಸ್ತೈತೆ ಕಣವ್ವ. ಸುಳ್ಳು ಯಾಕ್ ಹೇಳ್ಲಿ."

"ಕುರ್ಚಿ ಬೇಕಾ ನಿಂಗೆ? ನಮ್ಮನೇಲಿ ಪ್ಲಾಸ್ಟಿಕ್ ಕುರ್ಚಿ ಐತೆ, ಬಾ, ಕೂತ್ಕ," ಅವ್ವ ರೇಗಿದಳು. ಎಲ್ಲರೂ ನಕ್ಕರು. ದೊಡ್ಡಪ್ಪ ನಗಲಿಲ್ಲ.

"ನಗ್ಬ್ಯಾಡ್ರೋ. ಇಲ್ಲಿ ನಮ್ಗೇನ್ ಸುಖ ಐತೆ? ಕ್ವಾರಿ ಹತ್ರ ಇದ್ಕಿಂತ ಚೆನ್ನಾಗೇ ಇರ್ಬೌದು. ಯಾರ್ ನೋಡವ್ರೆ?"

ಯಾರೂ ನೋಡಿರಲಿಲ್ಲ. ನಾನೂ.

"ಅಲ್ಲಿಗೆ ಹೋದವ್ರನ್ನೇ ಕೇಳಾನ," ಎಂದೆ.

"ಬರ್ದು ಕೇಳು," ಎಂದ ದೊಡ್ಡಪ್ಪ. "ಫೋನಾಗೆ ಆಡಿದ್ನ ನಾಳೆ ಆಡೇ ಇಲ್ಲ ಅಂತಾರೆ."

ಅಲ್ಲಿಯೇ ಬರೆದೆ. ಅಷ್ಟು ದಿನ ಸತ್ತವರ ಕಾಗದಗಳನ್ನು ಕನ್ನಡ ಮಾಡಿದವಳಿಗೆ ಬದುಕಿದವರಿಗೆ ಒಂದು ಕಾಗದ ಬರೆಯಲು ಮೂರು ಹಾಳೆ ಹರಿಯಬೇಕಾಯಿತು.

'ಅಣ್ಣಂದಿರೇ, ಅಕ್ಕಂದಿರೇ, ನಿಮ್ಮನ್ನು ನಮಗಿಂತ ಮೊದಲು ಎಬ್ಬಿಸಿದರು. ಅದಕ್ಕೇ ನಿಮ್ಮನ್ನು ಕೇಳುತ್ತಿದ್ದೇವೆ. ಅಲ್ಲಿ ನೀರು ಹೇಗಿದೆ? ಹಕ್ಕುಪತ್ರ ಕೈಗೆ ಬಂತೇ? ಮಕ್ಕಳು ಶಾಲೆಗೆ ಹೋಗುತ್ತಾರೆಯೇ? ನಮಗೆ ನೋವಾಗುತ್ತದೆಂದು ಸಿಹಿ ಮಾತು ಬರೆಯಬೇಡಿ. ನಾವು ಬರಬೇಕೋ ಬೇಡವೋ ಹೇಳಿ. ಮೊರಡಿಯವರು.'

ಬರೆಯಲು ಬಂದವರು ಹೆಸರು ಬರೆದರು. ಬಾರದವರು ಹೆಬ್ಬೆಟ್ಟು ಒತ್ತಿದರು. ಕಡೂರಿನ ಸಂತೆಗೆ ಹೋದ ಅವ್ವ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋಗಿ, ಅಲ್ಲಿ ವಿಚಾರಿಸಿ, ಕ್ವಾರಿಯ ಒಬ್ಬ ಹೆಂಗಸಿನ ಕೈಗೆ ಕೊಟ್ಟು ಬಂದಳು.

ಉತ್ತರ ಕಾಗದದಲ್ಲಿ ಬರಲಿಲ್ಲ. ಕ್ವಾರಿಯ ವಿಶ್ವನಾಥ್ ಎಂಬ ಗೂಡ್ಸ್ ಆಟೊ ಓಡಿಸುವವನು ಕಾಗದದ ಕೆಳಗೆ ಬರೆದಿದ್ದ ನನ್ನ ನಂಬರಿಗೆ ದನಿ ರೆಕಾರ್ಡ್ ಮಾಡಿ ಕಳಿಸಿದ್ದ. ಬಾವಿಕಟ್ಟೆಯ ಮೇಲೆ ಮೊಬೈಲ್ ಇಟ್ಟು ಎಲ್ಲರಿಗೂ ಕೇಳಿಸಿದೆ.

"ಮೊರಡಿಯೋರ್ಗೆ ಕ್ವಾರಿ ವಿಶ್ವನಾಥ ಮಾತಾಡ್ತಿರೋದು. ನಂಗೆ ಬರಿಯಕ್ಕೆ ಬತ್ತದೆ. ಸಿಟ್ಟಿಗೆ ಅಕ್ಷರ ನಿಲ್ತಿಲ್ಲ, ಅದ್ಕೇ ಹೇಳ್ತಿವ್ನಿ. ನೀರು ಅಂದ್ರಲ್ಲ, ಕ್ವಾರಿ ಗುಂಡೀಲಿ ನಿಂತ್ ಮಳೆ ನೀರು. ಹಸ್ರುಗೈತೆ. ದನಾನೂ ಅದ್ನೇ ಕುಡಿಯೋದು, ನಾವೂ ಅದ್ನೇ ಕುಡಿಯೋದು. ಹೋದ್ ಸಲ ಮಳೇಲಿ ನನ್ ತಂಗಿ ಮಗ್ಳು ನೀರ್ ತರಕ್ಕೋಗಿ ಅದ್ರೊಳಗೇ ಹೋದ್ಲು. ಹಕ್ಕುಪತ್ರ ಹೆಂಗಿರ್ತೈತೋ ನಾವು ಕಂಡಿಲ್ಲ. ನಮ್ಮಪ್ಪಂಗೂ ಶಾಲು ಹಾಕಿದ್ರು ಕಣ್ರೀ. ಭಾಳ ದಪ್ಪ ಶಾಲು. ಅದ್ರಲ್ಲೇ ಸುತ್ತಿ ಅವನ್ನ ಮಣ್ಣು ಮಾಡಿದ್ವಿ. ಬರ್ಬ್ಯಾಡ್ರಿ. ನಿಮ್ಮನ್ನ ಎಬ್ಸಕ್ಕೆ ಬಂದ್ರೆ ನಮ್ಗೆ ಒಂದ್ ಮಾತು ಹೇಳ್ರಿ."

ದೊಡ್ಡಪ್ಪ ಇನ್ನೊಮ್ಮೆ ಹಾಕು ಎಂದ. ಇನ್ನೊಮ್ಮೆ ಹಾಕಿದೆ. ಆಮೇಲೆ ಟವಲಿನಿಂದ ಮುಖ ಒರೆಸಿಕೊಂಡು ಎದ್ದ.

"ಫಂಕ್ಷನ್‌ಗೆ ಹೋಗಾನ," ಎಂದ. "ಹೋಗ್ದಿದ್ರೆ ಹೆದ್ರಿಕಂಡ್ರು ಅಂತಾರೆ."

*

ತರೀಕೆರೆಯ ಬಾಡಿಗೆ ಹಾಲಿನಲ್ಲಿ ಸಮಾರಂಭ. ವೇದಿಕೆಯ ಹಿಂದೆ ದೊಡ್ಡ ಬ್ಯಾನರು. ಅದರಲ್ಲಿ ಹದ್ದಿನ ಗರಿಗಳ ಕಿರೀಟ ತೊಟ್ಟವನ ಚಿತ್ರ. ಆ ಕಾಲದ ಚೆರೋಕಿ ಮುಖಂಡರು ತಲೆಗೆ ಸುತ್ತುತ್ತಿದ್ದದ್ದು ಪೇಟದಂಥ ಬಟ್ಟೆ. ನಾನು ಮೊದಲೇ ಹೇಳಿದ್ದೆ. "ಗರಿ ಇಲ್ದಿದ್ರೆ ಜನಕ್ಕೆ ಗೊತ್ತಾಗಲ್ಲ" ಎಂದಿದ್ದರು ಸಾಹೇಬರು.

ಬಾಗಿಲಲ್ಲಿ ಕಾಲೇಜಿನ ಮ್ಯಾನೇಜರ್ ರಘುನಾಥ್ ನಿಂತಿದ್ದ. ಮಂಜಪ್ಪ ದೊಡ್ಡಪ್ಪನ ತಲೆಯ ಟವಲನ್ನು ನೋಡಿ ಬೆರಳು ತೋರಿಸಿದ.

"ಅದನ್ನ ತೆಗೀರಿ. ದೊಡ್ಡೋರು ಬರ್ತಾರೆ."

ದೊಡ್ಡಪ್ಪ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

ನಮ್ಮವರನ್ನು ಹಿಂದೆ, ಚಪ್ಪಲಿ ಬಿಡುವ ಜಾಗದ ಪಕ್ಕದ ಸಾಲಿನಲ್ಲಿ ಕೂರಿಸಿದರು. ನಡುವಿನ ಸಾಲುಗಳು ಖಾಲಿ ಇದ್ದವು. ಕಾರ್ಯಕ್ರಮ ಮುಗಿಯುವವರೆಗೂ ಖಾಲಿಯೇ ಇದ್ದವು. ಮುಂದೆ ಕೂತವರಿಗೆ ನೀರಿನ ಬಾಟಲಿ ಕೊಟ್ಟರು. ನಮ್ಮವರಿಗೆ ಒಂದು ಡ್ರಮ್ಮು ಮತ್ತು ಪೇಪರ್ ಲೋಟ. ರಘುನಾಥ್ ಅವ್ವನ ಹತ್ತಿರ ಬಂದು ಬಗ್ಗಿದ.

"ಜವರಮ್ಮ, ಹೆಂಗೂ ಬಂದಿದೀಯಲ್ಲ, ಊಟದ ಹಾಲ್ ಒಂದ್ಸಲ ಗುಡಿಸಿಬಿಡು. ಆಳು ಬಂದಿಲ್ಲ."

"ನಾನಿವತ್ತು ನೆಂಟ್ಳಾಗಿ ಬಂದಿವ್ನಿ," ಎಂದಳು ಅವ್ವ. "ಪೊರಕೆ ನೀವೇ ಹಿಡ್ಕಳಿ. ಕೈ ಏನ್ ಸವೆಯಲ್ಲ."

ನನಗೆ ನಿರೂಪಣೆಯ 'ಗೌರವ' ಕೊಟ್ಟಿದ್ದರು. ಮೈಕಿನ ಪಕ್ಕದ ಮೇಜಿನ ಮೇಲೆ ಪುಸ್ತಕದ ರಾಶಿ. ಒಂದನ್ನು ಎತ್ತಿ ಬಿಡಿಸಿದೆ. ಅನುವಾದ: ಡಾ. ಪ್ರಸನ್ನಕುಮಾರ್. ನನ್ನ ಹೆಸರಿಗಾಗಿ ಕೊನೆಯ ಪುಟದವರೆಗೆ ಹುಡುಕಬೇಕಾಯಿತು. ಮುದ್ರಕರ ವಿಳಾಸದ ಕೆಳಗೆ ಇತ್ತು. 'ಬೆರಳಚ್ಚು ನೆರವು: ಕು. ಧನ್ಯಶ್ರೀ.'

ಪುಸ್ತಕವನ್ನು ಮುಚ್ಚಿ, ಮೈಕಿನಲ್ಲಿ ಗಣ್ಯರನ್ನು ಸ್ವಾಗತಿಸಿದೆ. ಹೌದು, ಸ್ವಾಗತಿಸಿದೆ. ನಾಲಿಗೆಗೆ ಅದು ರೂಢಿಯಾಗಿತ್ತು.

ಪ್ರಸನ್ನಕುಮಾರ್ ಮಾತಾಡಿದರು. ಅದೇ ವಾಕ್ಯ ಬಂತು. ಕನ್ನಡಕ ತೆಗೆದರು. ಕರವಸ್ತ್ರ ಬಿಡಿಸಿದರು. ಸಭೆ ತಲೆ ತಗ್ಗಿಸಿತು. ನಮ್ಮ ಸಾಲಿನಲ್ಲಿ ಯಾರೋ ಹೆಂಗಸು, "ಯಾಕಂತೆ, ಇವ್ರ ಮನೇಲಿ ಯಾರಾದ್ರೂ ಹೋದ್ರಾ?" ಎಂದು ನಿಜವಾಗಿಯೂ ಕೇಳಿದಳು. ಅವ್ವ ಅವಳ ತೊಡೆ ಚಿವುಟಿದಳು.

ಆಮೇಲೆ ಸಾಹೇಬರು ಕಣ್ಣೊರೆಸಿಕೊಂಡು, "ನಮ್ಮ ನೆಲದ ಚೆರೋಕಿ, ಶ್ರೀ ಮಂಜಪ್ಪನವರು ವೇದಿಕೆಗೆ ಬರಬೇಕು" ಎಂದರು.

ದೊಡ್ಡಪ್ಪ ಹಾಲಿನ ಉದ್ದಕ್ಕೂ ನಡೆದು ಬಂದ. ಮೆಟ್ಟಿಲು ಹತ್ತುವಾಗ ಕೆಮ್ಮಿದ. ಕುರ್ಚಿ ಇತ್ತು. ಕೂತ. ಗುರುಮೂರ್ತಿ ಶಾಲು ಹೊದಿಸಿದ. ಮೈ ಮುಟ್ಟದ ಹಾಗೆ, ಎರಡೇ ಬೆರಳಲ್ಲಿ, ಬಟ್ಟೆ ಒಣಹಾಕಿದ ಹಾಗೆ ಹೊದಿಸಿದ. ಕ್ಯಾಮೆರಾ ಬೆಳಗಿತು. ಆಮೇಲೆ ಅವನು ಬೆಳ್ಳಿಬಣ್ಣದ ತಟ್ಟೆಯಲ್ಲಿ ಒಂದು ಪುಸ್ತಕ, ಪುಸ್ತಕದ ಮೇಲೆ ಕಾಗದ, ಕಾಗದದ ಮೇಲೆ ಪೆನ್ನು ಇಟ್ಟು ಮುಂದೆ ಹಿಡಿದ. ಚೆರೋಕಿಗಳ ಕಾಗದಗಳ ಮೇಲೆ ಮೊರಡಿಯನ್ನು ಬಿಟ್ಟುಕೊಡುವ ಕಾಗದ.

"ಇಲ್ಲಿ ಹಾಕಿ ಮಂಜಪ್ಪನೋರೇ."

ದೊಡ್ಡಪ್ಪ ಪೆನ್ನು ಮುಟ್ಟಲಿಲ್ಲ. ಹೆಗಲಿನಿಂದ ಶಾಲು ತೆಗೆದ. ತುದಿಗೆ ತುದಿ ಸೇರಿಸಿ ಮಡಚಿದ. ಮಡಚಲು ಹೊತ್ತು ಹಿಡಿಯಿತು. ಅವನ ಬೆರಳುಗಳು ಬಗ್ಗುವುದಿಲ್ಲ. ಮಡಚಿದ ಶಾಲನ್ನು ಆ ತಟ್ಟೆಯ ಮೇಲೆ, ಕಾಗದ ಪೂರ್ತಿ ಮುಚ್ಚುವ ಹಾಗೆ ಇಟ್ಟ.

"ಶಾಲು ನನಗೊಬ್ಬಂಗೆ ಹಾಕಿದ್ರಿ. ಜಾಗ ಎಲ್ಲಾರ್ದೂ ಸ್ವಾಮಿ. ನಾನೊಬ್ಬ ಹೆಂಗೆ ಕೊಡ್ಲಿ? ಕೊಡಲ್ಲ."

ಗುರುಮೂರ್ತಿ ನಗುನಗುತ್ತಲೇ ಬಗ್ಗಿದ. ಮೈಕು ಹತ್ತಿರವಿರುವುದು ಅವನಿಗೆ ಮರೆತಿತ್ತು.

"ಲೇ ಮಂಜ, ಆಟ ಆಡ್ಬೇಡ. ಹಾಕೋ ಸೂಳೇಮಗ್ನೆ."

ಮರ್ಯಾದೆಯ ಬಹುವಚನ ಅಷ್ಟು ಬೇಗ ಉದುರಿಹೋಯಿತು. ಹಾಲಿನ ಎರಡೂ ಸ್ಪೀಕರುಗಳಲ್ಲಿ ಆ ಮಾತು ಮೊಳಗಿತು. ಮುಂದೆ ಕೂತ ಗಣ್ಯರು ಆಹ್ವಾನಪತ್ರಿಕೆ ಓದತೊಡಗಿದರು. ಒಬ್ಬನೇ ಒಬ್ಬನೂ ತಲೆ ಎತ್ತಲಿಲ್ಲ.

ಮೈಕು ನನ್ನ ಕೈಗೆ ಬಂದದ್ದು ಹೇಗೆಂದು ನೆನಪಿಲ್ಲ. ಮಾತಾಡಿದ್ದು ನೆನಪಿದೆ.

"ಈ ಪುಸ್ತಕದ ಒಂದೊಂದು ಕಾಗದವನ್ನೂ ಕನ್ನಡ ಮಾಡಿದವಳು ನಾನು. ಪ್ರಸನ್ನಕುಮಾರ್ ಸಾಹೇಬರು ಮಾಡಿದ್ದು ಅಳೋದೊಂದೇ. ನೆಲದಿಂದ ಅಟ್ಟಿಸಿಕೊಂಡವರ ಪುಸ್ತಕದ ಮೇಲೆ ಪೇಪರ್ ಇಟ್ಟು ನಮ್ಮನ್ನ ಅಟ್ಟೋಕೆ ಸಹಿ ಕೇಳ್ತಿದಾರೆ. ಕೇಳೋಕೆ ಅವರಿಗೆ ನಾಚಿಕೆ ಇಲ್ಲ, ನೋಡ್ತಾ ಕೂರೋಕೆ ನಿಮಗೂ ಇಲ್ಲ. ನಾನು ಇನ್ನು ನಿರೂಪಣೆ ಮಾಡಲ್ಲ. ನಾಳೆಯಿಂದ ಇವರ ಕಾಲೇಜಿನಲ್ಲಿ ಪಾಠಾನೂ ಮಾಡಲ್ಲ."

"ಧನ್ಯಾ, ಎಮೋಷನಲ್ ಆಗ್ಬೇಡ," ಎಂದರು ಸಾಹೇಬರು. ಕೈಯಲ್ಲಿ ಕರವಸ್ತ್ರ ಇನ್ನೂ ಹಾಗೇ ಇತ್ತು.

ರಘುನಾಥ್ ಮೈಕಿನ ವಯರ್ ಕಿತ್ತ. ತಡವಾಗಿತ್ತು. ನಮ್ಮ ಸಾಲು ಎದ್ದು ನಿಂತಿತ್ತು. ದೊಡ್ಡಪ್ಪ ವೇದಿಕೆಯ ಮೇಲೆಯೇ ಕಂಕುಳಿನ ಟವಲು ತೆಗೆದು, ಕೊಡವಿ, ತಲೆಗೆ ಸುತ್ತಿಕೊಂಡು ಇಳಿದ. ಊಟ ಮಾಡದೆ ಹೊರಟೆವು. ಬಸ್ ಸ್ಟ್ಯಾಂಡಿನ ತನಕ ನಡೆದೆವು. ಅಲ್ಲಿ ಕಲ್ಲುಬೆಂಚಿನ ಮೇಲೆ ಕೂತು ದೊಡ್ಡಪ್ಪ ಒಮ್ಮೆಲೆ ನಗತೊಡಗಿದ. ಕೆಮ್ಮು ಬರುವವರೆಗೂ ನಕ್ಕ.

"ಕುರ್ಚಿ ಮೆತ್ತಗಿತ್ತು ಕಣ್ರೋ," ಎಂದ.

*

ಕಾಲೇಜಿನವರು ನನ್ನನ್ನು ತೆಗೆದುಹಾಕಿದ್ದಾಗಿ ಕಾಗದ ಕಳಿಸಿದರು. ಬಿಟ್ಟವಳನ್ನು ತೆಗೆಯುವುದೂ ಅವರಿಗೆ ಒಂದು ಕೆಲಸ. ಮಂಡಿಯ ಗೇಟಿನಲ್ಲಿ ಮೊರಡಿಯ ಹೆಂಗಸರನ್ನು ಒಳಗೆ ಬಿಡಬೇಡವೆಂದು ಗುರುಮೂರ್ತಿ ಹೇಳಿಸಿದ. ಒಲೆಗಳು ತಣ್ಣಗಾದವು. ಅವ್ವ ಹೆಂಗಸರನ್ನು ಕಟ್ಟಿಕೊಂಡು ಕಡೂರಿಗೆ ಹೋಗಿ ಕೊಬ್ಬರಿ ಶೆಡ್ಡಿನಲ್ಲಿ ಚಿಪ್ಪು ಬಿಡಿಸುವ ಕೆಲಸ ಹಿಡಿದಳು. ನಾನೂ ಹೋದೆ. ಚಿಪ್ಪಿನ ಅಂಚು ಅಂಗೈ ಸೀಳುತ್ತದೆ. ಇಂಗ್ಲಿಷ್ ಎಂ.ಎ. ಅಂಗೈಯಾದರೂ ಅದಕ್ಕೆ ಒಂದೇ.

ಪುಸ್ತಕಕ್ಕೆ ಪತ್ರಿಕೆಗಳಲ್ಲಿ ಹೊಗಳಿಕೆ ಬಂತು. ಅನುವಾದದ ಭಾಷೆಯಲ್ಲಿ ಮಣ್ಣಿನ ವಾಸನೆ ಇದೆಯಂತೆ. ಆ ಭ್ರಾತೃವರ್ಯರನ್ನು ದಾಟಿ ಅದು ಅವರ ಮೂಗಿಗೆ ಹೇಗೆ ಬಡಿಯಿತೋ ಕಾಣೆ.

ಒಂದು ಬೆಳಿಗ್ಗೆ ಹಳದಿ ಜೆಸಿಬಿ ಮೊರಡಿ ಹತ್ತಿತು. ಹಿಂದೆ ಗುರುಮೂರ್ತಿಯ ಕಾರು. ಅದರ ಹಿಂದೆ ಅವನ ಮಂಡಿಯ ಹಮಾಲರು, ಕೈಯಲ್ಲಿ ಹಾರೆಗಳು. ನಾನು ವಿಶ್ವನಾಥನಿಗೆ ಫೋನ್ ಮಾಡಿದೆ. ನಾನು ಪೂರ್ತಿ ಹೇಳುವ ಮೊದಲೇ ಅವನು ಫೋನ್ ಇಟ್ಟ.

ಮೊದಲ ಮನೆ ನಮ್ಮದು. ಅವ್ವ ಹೋಗಿ ಜೆಸಿಬಿಯ ಬಾಯಿಯ ಕೆಳಗೆ ಕೂತಳು. ಮಂಡಿಯಲ್ಲಿ ಕೂತ ಹಾಗೆಯೇ, ಕುಕ್ಕರಗಾಲಲ್ಲಿ. ಅವಳ ಪಕ್ಕ ನಾನು ಕೂತೆ. ನಮ್ಮ ಸುತ್ತ ಹೆಂಗಸರು ಕೂತರು. ಯಂತ್ರದ ಹಲ್ಲುಗಳಿಂದ ಎಣ್ಣೆ ನನ್ನ ಕೊರಳಿಗೆ ತೊಟ್ಟಿಕ್ಕುತ್ತಿತ್ತು. ಭಯವಾಯಿತು. ಅವ್ವನ ಸೆರಗು ಹಿಡಿದುಕೊಂಡೆ.

"ಎತ್ತಿ ಆಚೆ ಹಾಕ್ರೋ ಈ ಮುಂಡೇರ್ನ," ಗುರುಮೂರ್ತಿ ಕೂಗಿದ.

ಹಮಾಲರು ಎರಡು ಹೆಜ್ಜೆ ಬಂದು ನಿಂತರು. ಅವರೆದುರು ಕೂತವರು ದಿನಾ ಅವರ ಜೊತೆ ಕೂತು ರೊಟ್ಟಿ ತಿಂದವರು. ಒಬ್ಬ ಹಾರೆಯನ್ನು ನೆಲಕ್ಕೆ ಬಿಟ್ಟ. ಡ್ರೈವರ್ ಇಂಜಿನ್ ಆರಿಸಿದ.

"ಯಾಕೋ ನಿಲ್ಸಿದೆ?"

"ಜನ ಕೂತವ್ರೆ ಸಾರ್. ನನ್ ಮೇಲೆ ಕೇಸಾಯ್ತದೆ. ನೀವೇ ಬಂದು ಓಡ್ಸ್ಕಳಿ."

ಬಿಸಿಲು ಏರುವ ಹೊತ್ತಿಗೆ ರಸ್ತೆಯಲ್ಲಿ ಗೂಡ್ಸ್ ಆಟೊಗಳು ಕಂಡವು. ಒಂದರ ಹಿಂದೆ ಒಂದು. ಈರುಳ್ಳಿ ಮೂಟೆ ತುಂಬುವ ಜಾಗದಲ್ಲಿ ಜನ ನಿಂತಿದ್ದರು. ಕ್ವಾರಿಯವರು. ಅವ್ವನನ್ನು ಬಿಟ್ಟರೆ ನಮ್ಮಲ್ಲಿ ಯಾರೂ ಅವರ ಮುಖ ನೋಡಿರಲಿಲ್ಲ, ಅವರೂ ನಮ್ಮ ಮುಖ ನೋಡಿರಲಿಲ್ಲ. ಒಬ್ಬ ಕುಳ್ಳ, ಕಪ್ಪು ಆಳು 'ಇಳೀರಿ' ಎಂದು ಕೂಗುತ್ತಾ ಮೊದಲು ಹಾರಿದ. ದನಿಯಿಂದ ಗೊತ್ತಾಯಿತು, ವಿಶ್ವನಾಥ. ಅವನು ಗುರುಮೂರ್ತಿಯ ಕಡೆ ತಿರುಗಿಯೂ ನೋಡಲಿಲ್ಲ. ನೇರ ಮಂಜಪ್ಪ ದೊಡ್ಡಪ್ಪನ ಹತ್ತಿರ ಹೋಗಿ, "ಎಲ್ಲಿ ಕೂರ್ಬೇಕು ಹೇಳಜ್ಜ" ಎಂದ.

ಮಧ್ಯಾಹ್ನದವರೆಗೂ ಕೂತೆವು. ಪೊಲೀಸರು ಬಂದರು, ಕೋರ್ಟಿನ ಕಾಗದ ಎಲ್ಲಿ ಎಂದು ಗುರುಮೂರ್ತಿಯನ್ನೇ ಕೇಳಿದರು. ಇರಲಿಲ್ಲ. ಜೆಸಿಬಿ ಹಿಮ್ಮುಖವಾಗಿ ಮೊರಡಿ ಇಳಿಯಿತು. ಮನೆ ಉಳಿಯಿತು. ಗೆದ್ದೆವು ಎಂದು ನಾನು ಹೇಳುವುದಿಲ್ಲ. ಅವನು ಕಾಗದ ಮಾಡಿಸಿಕೊಂಡು ಮತ್ತೆ ಬರುತ್ತಾನೆ. ಆ ಸಂಜೆ ನಾವೂ ಕ್ವಾರಿಯವರೂ ಒಂದೇ ಪಾತ್ರೆಯ ಅನ್ನ ಉಂಡೆವು. ಮುಂದಿನ ವಾರ ನಾವೆಲ್ಲ ಕ್ವಾರಿಗೆ ಹೋಗಿ ಅವರ ಗುಂಡಿಯ ಸುತ್ತ ಕಲ್ಲುಗೋಡೆ ಕಟ್ಟಿಕೊಟ್ಟು ಬಂದೆವು. ಅಮೃತಾಪುರದ ಹತ್ತಿರದ ಒಂದು ಕೇರಿಯಿಂದಲೂ ಈಗ ನಮಗೆ ಕಾಗದ ಬಂದಿದೆ. ಅವರನ್ನೂ ಯಾರೋ ಎಬ್ಬಿಸಲು ನೋಡುತ್ತಿದ್ದಾರೆ.

ಹೋದ ತಿಂಗಳು, ಕೊಬ್ಬರಿ ಶೆಡ್ಡಿನಲ್ಲಿದ್ದಾಗ, ಪ್ರಸನ್ನಕುಮಾರ್ ಫೋನ್ ಮಾಡಿದರು. ಸಿಹಿ ದನಿ.

"ಧನ್ಯಾ, ಹಳೇದೆಲ್ಲ ಮರೆತುಬಿಡು. ಎರಡನೇ ಸಂಪುಟ ಮಾಡ್ತಿದೀನಿ. ಇನ್ನೂ ಅದ್ಭುತವಾದ ಕಾಗದಗಳು ಸಿಕ್ಕಿವೆ. ಈ ಸಲ ನಿನ್ನ ಹೆಸರು ಮುಖಪುಟದಲ್ಲೇ ಹಾಕೋಣ. ನೀನಿಲ್ದೆ ಇದು ಆಗಲ್ಲ. ಆ ಜನ ಎಷ್ಟು ನೊಂದಿದ್ರು ಅಂತ ಓದ್ತಿದ್ರೆ ನಂಗೆ..."

ಕಂಠ ಬಿಗಿಯಿತು. ನಾನು ಅವರ ಕಂಠ ಬಿಡುವವರೆಗೂ ಕಾದೆ.

"ಸಾರ್," ಎಂದೆ. "ಆ ಕಾಗದಗಳನ್ನ ಅವರು ನಿಮಗೆ ಬರೆದದ್ದಲ್ಲ."

ಅವರು ಇನ್ನೇನೋ ಹೇಳಲು ಹೊರಟರು. ನಾನು ಕೇಳಿಸಿಕೊಳ್ಳಲಿಲ್ಲ.